ಅರಿಶಿನ ಕುಂಕುಮದ ಬಾಬ್ತು

"ನಿನ್ನ ಅರಿಶಿನ ಕುಂಕುಮದ ಬಾಬ್ತು ಈ ಕೆಳಕಂಡ ಜಮೀನನ್ನು ನಿನಗೆ ಕೊಟ್ಟಿರುತ್ತೇನೆ. ನೀನು ಇದನ್ನು ಅನುಭವಿಸಿಕೊಂಡು ಬರತಕ್ಕದ್ದು."

ಈ ಎರಡು ವಾಕ್ಯ ನನಗೆ ಬಾಯಿಪಾಠವಾಗಿದೆ. ಮುಂದೆ ಬರೆಯುವುದರಲ್ಲಿ ಅಕ್ಷರ ತಪ್ಪಿಲ್ಲ ಎಂದು ನಾನು ಹೇಳಬಲ್ಲದ್ದು ಇಷ್ಟು ಮಾತ್ರ. ಒಬ್ಬ ತಂದೆ ತನ್ನ ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನು ಒಂದೇ ಚಪ್ಪರದಲ್ಲಿ ಮುಗಿಸಿ, ಇಬ್ಬರಿಗೂ ಒಂದೊಂದು ತುಂಡು ಜಮೀನನ್ನು ದಾನಪತ್ರ ಬರೆಸಿ ಕೊಟ್ಟ. ಬರೆದವನು ಒಬ್ಬನೇ ಪತ್ರಬರಹಗಾರ, ಬರೆಸಿದ್ದು ಒಂದೇ ದಿನ. ಎರಡು ಪತ್ರದಲ್ಲೂ ಇದೇ ಮಾತು. ಬೇರೆಯಾಗಿದ್ದದ್ದು ಮಗಳ ಹೆಸರು ಮತ್ತು ಸರ್ವೆ ನಂಬರು. ಅಕ್ಕನಿಗೆ ಕೊಟ್ಟದ್ದು ಒಂದು ತಾಲ್ಲೂಕಿನಲ್ಲಿತ್ತು, ತಂಗಿಗೆ ಕೊಟ್ಟದ್ದು ಪಕ್ಕದ ತಾಲ್ಲೂಕಿನಲ್ಲಿತ್ತು.

ನಾನು ಆಗ ಹಾಸನ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಸಿವಿಲ್ ನ್ಯಾಯಾಧೀಶೆಯಾಗಿದ್ದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ಮೂರರಲ್ಲಿ ನನ್ನ ಕೋರ್ಟು ಯಾವುದು, ಪಕ್ಕದ ಕೋರ್ಟು ಯಾವುದು ಎಂದು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಮನುಷ್ಯರ ಗುರುತು ಸಿಕ್ಕಿಬಿಡುತ್ತದೆ. ಇವೆಲ್ಲ ಒಂದರಿಂದ ಒಂದಕ್ಕೆ ಬಸ್ಸು ಹತ್ತಿದರೆ ಬುತ್ತಿಯ ಅನ್ನ ಆರುವುದರೊಳಗೆ ತಲುಪುವ ಊರುಗಳು ಎಂಬುದನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು.

ವಿಶ್ವವಿದ್ಯಾಲಯದ ದಿನಗಳಿಂದಲೂ ನಾನು ದಿನಚರಿ ಬರೆಯುತ್ತೇನೆ. ಈ ಬರಹಕ್ಕೆಂದು ಅದನ್ನು ತೆರೆದಾಗ, ನನ್ನ ಬದುಕಿನಲ್ಲಿ ಮರೆಯಲಾರೆ ಎಂದುಕೊಂಡಿದ್ದ ದಿನದ ಪುಟದಲ್ಲಿ "ತಲೆನೋವು. ಊಟಕ್ಕೆ ಹೆರಳೆಕಾಯಿ ಚಿತ್ರಾನ್ನ" ಎಂದಷ್ಟೇ ಇತ್ತು. ಕಟಕಟೆಯಲ್ಲಿ ಇಂಥ ಸಾಕ್ಷಿ ನಿಂತಿದ್ದರೆ ನಾನು ನಂಬುತ್ತಿರಲಿಲ್ಲ. ಆದರೂ ನೆನಪಿಗಿಂತ ಅದೇ ವಾಸಿ. ಅದು ಕನಿಷ್ಠಪಕ್ಷ ಸುಳ್ಳು ಸೇರಿಸುವುದಿಲ್ಲ.

ದಾನಪತ್ರ ಬರೆಸಿದ ಆ ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಇಬ್ಬರು ಅಕ್ಕತಂಗಿಯರ ಗಂಡಂದಿರೂ ಹಿಂದುಮುಂದಾಗಿ ಹೋದರು. ಆಮೇಲೆ ಅವರ ತಮ್ಮ ಎರಡೂ ಕೋರ್ಟಿನಲ್ಲಿ ದಾವಾ ಹೂಡಿದ. ಅವನ ವಾದ ಸರಳವಾಗಿತ್ತು. ಅಪ್ಪ ಜಮೀನು ಕೊಟ್ಟದ್ದು ಅರಿಶಿನ ಕುಂಕುಮದ ಬಾಬ್ತು. ಅಂದರೆ ಮುತ್ತೈದೆಯಾಗಿರುವಷ್ಟು ಕಾಲ. ಗಂಡ ಸತ್ತ ಮೇಲೆ ಅರಿಶಿನವೂ ಇಲ್ಲ, ಕುಂಕುಮವೂ ಇಲ್ಲ. ಆದ್ದರಿಂದ ಜಮೀನು ಗಂಡುಮಗನಿಗೆ ವಾಪಸು ಬರಬೇಕು.

ಅಕ್ಕನ ಕೇಸು ಪಕ್ಕದ ಕೋರ್ಟಿನಲ್ಲಿ ಮೊದಲು ಮುಗಿಯಿತು. ಅವಳು ಸೋತಳು. ಕೋರ್ಟಿನ ಅಮೀನ ಬಂದು ಜಮೀನು ಬಿಡಿಸಿದ. ಅವಳು ಒಂದು ಟ್ರಂಕು, ಒಂದು ಮೇಕೆ ಹಿಡಿದುಕೊಂಡು ತಂಗಿಯ ಮನೆಗೆ ಬಂದಳು. ತಂಗಿಯ ಕೇಸು ನನ್ನ ಮುಂದೆ ಬರುವ ಹೊತ್ತಿಗೆ ಇಬ್ಬರೂ ಒಂದೇ ಹೊಲದ ಮೇಲೆ ಬದುಕುತ್ತಿದ್ದರು. ನಾಲೆಯ ಕೆಳಗಿನ ಸ್ವಲ್ಪ ಗದ್ದೆ, ಬದುವಿನ ಮೇಲೆ ತೆಂಗಿನ ಮರ, ಮೂಲೆಯಲ್ಲಿ ಶೀಟಿನ ಮನೆ. ಇದೂ ಹೋದರೆ ಇಬ್ಬರಿಗೂ ನಿಲ್ಲಲು ನೆಲವಿಲ್ಲ. ಇದಕ್ಕಿಂತ ಹೆಚ್ಚಿನ ಸಂಗತಿ ಆ ಕೇಸಿನಲ್ಲಿ ಇರಲಿಲ್ಲ.

ತಂಗಿ ಸಾಕ್ಷಿ ಹೇಳಿದ ದಿನ ಕೋರ್ಟಿನಲ್ಲಿ ಜನ ತುಂಬಿದ್ದರು. ಬೇರೆ ಕೇಸಿಗೆ ಬಂದವರು ಅವರು; ಆದರೆ ಹೆಂಗಸು ಕಟಕಟೆ ಹತ್ತಿದರೆ ಎಲ್ಲರೂ ಮಾತು ನಿಲ್ಲಿಸುತ್ತಾರೆ. ತಮ್ಮನ ಪರ ಲಾಯರು ಪಾಟೀ ಸವಾಲಿಗೆ ಎದ್ದರು.

"ನಿಮ್ಮ ಯಜಮಾನರು ತೀರಿಕೊಂಡ ಮೇಲೆ ಅರಿಶಿನ ಕುಂಕುಮ ತೆಗೆಸಿದರು, ನಿಜ ತಾನೇ?"

"ತಗುಸುದ್ರು ಸಾ."

"ಅಲ್ಲಿಗೆ ಅರಿಶಿನ ಕುಂಕುಮದ ಬಾಬ್ತು ಮುಗೀತು ತಾನೇ?"

"ಅಣೇದು ಅಳ್ಸುದ್ರು. ಬಳೆ ಒಡುದ್ರು. ಜಮೀನ ಯಾರಾರ ಒದ್ದೆ ಬಟ್ಟೇಲಿ ಒರ್ಸಿ ಅಳ್ಸಕ್ಕಾಯ್ತದಾ ಸಾ?"

ಜನ ನಕ್ಕರು. ಹಿಂದಿನ ಬೆಂಚಿನಿಂದ ಯಾರೋ "ಸರ್ಯಾಗ್ ಏಳ್ತು ನೋಡ್ಲಾ" ಎಂದರು. ಬೆಂಚ್ ಕ್ಲರ್ಕ್ ಮೇಜು ಕುಟ್ಟಿದರು. ಆಗ ಅವಳು ನನ್ನ ಹಣೆಯ ಕಡೆ ನೋಡಿದಳು ಎಂದು ನನಗೆ ನೆನಪು. ಹಾಗೆ ನೋಡಿದಳೋ, ಅಥವಾ ನಾನೇ ನನ್ನ ಹಣೆಯ ಬೊಟ್ಟನ್ನು ಮುಟ್ಟಿಕೊಂಡು ಅವಳ ಕಣ್ಣನ್ನು ಆಮೇಲೆ ಸೇರಿಸಿದೆನೋ, ಈಗ ಬೇರ್ಪಡಿಸಲಾರೆ. ಸಾಕ್ಷ್ಯದ ಹಾಳೆಯಲ್ಲಿ ಹಣೆ, ಕಣ್ಣು, ನಗು ಯಾವುದೂ ಬರುವುದಿಲ್ಲ. "ಸಾಕ್ಷಿಯು ವಕೀಲರ ಸೂಚನೆಯನ್ನು ನಿರಾಕರಿಸಿರುತ್ತಾರೆ" ಎಂದು ಬರೆಸಿದೆ.

ಅದಕ್ಕೂ ಮೊದಲು ತಮ್ಮನ ಸಾಕ್ಷಿಯಾಗಿತ್ತು. ನಲವತ್ತು ದಾಟಿದ ಗಂಡಸು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕೆಟ್ಟವನ ಹಾಗೆ ಕಾಣಿಸಲಿಲ್ಲ. ಅಪ್ಪನ ಆಸ್ತಿ ಬೇರೆ ಮನೆಗೆ ಹೋಗಬಾರದು ಎಂದು ನಿಜವಾಗಿ ನಂಬಿದ್ದ. ಇಬ್ಬರು ಲಾಯರೂ ಕೇಳುವುದನ್ನು ಮುಗಿಸಿದ ಮೇಲೆ ನಾನು ಒಂದು ಪ್ರಶ್ನೆ ಹಾಕಿದೆ.

"ನಿಮ್ಮ ಭಾವಂದಿರು ತೀರಿಕೊಂಡ ಮೇಲೆ ಗೌರಿ ಹಬ್ಬಕ್ಕೆ ಅಕ್ಕಂದಿರಿಗೆ ಏನಾದರೂ ಕೊಡುತ್ತಿದ್ದಿರಾ?"

"ಕೊಡ್ದೆ ಉಂಟಾ ಮೇಡಮ್ಮೋರೆ? ಒಂದೇ ಒಟ್ಟೇಲಿ ಉಟ್ಟಿಲ್ವಾ? ಕೇಸ್ ಆಕೋಗಂಟ ಪ್ರತಿ ವರ್ಷಾನೂ ಕೊಟ್ಟಿವ್ನಿ."

"ಏನು ಹೇಳಿ ಕೊಡುತ್ತಿದ್ದಿರಿ?"

"ಏನ್ ಏಳಾದು? ಎಲ್ರೂ ಏಳಂಗೆ. 'ಇಕ ಅಕ್ಕ, ಅರಿಶ್ನ ಕುಂಕ್ಮಕ್ಕೆ ಮಡಿಕ' ಅಂತ."

ಅವನ ಲಾಯರು ಕಣ್ಣು ಮುಚ್ಚಿಕೊಂಡರು. ಅವನಿಗೆ ತಾನು ಏನು ಹೇಳಿದೆ ಎಂದು ಇನ್ನೂ ಗೊತ್ತಾಗಿರಲಿಲ್ಲ. ಸರಿಯಾಗಿ ಉತ್ತರ ಕೊಟ್ಟ ಹುಡುಗನ ಹಾಗೆ ನನ್ನನ್ನೇ ನೋಡುತ್ತಿದ್ದ. ಕುಂಕುಮ ಅಳಿಸಿದ ಅಕ್ಕಂದಿರ ಕೈಗೆ ಅವನೇ ವರ್ಷವರ್ಷವೂ ಅರಿಶಿನ ಕುಂಕುಮಕ್ಕೆಂದು ಕೊಟ್ಟಿದ್ದ. ಅಂದರೆ ಆ ಮಾತಿಗೆ ಇಲ್ಲಿ ಮುತ್ತೈದೆತನ ಎಂಬ ಅರ್ಥ ಅಲ್ಲ. ಅದು ತವರು ಮಗಳಿಗೆ ಸಲ್ಲಿಸುವ ಪಾಲಿನ ಹೆಸರು.

ಈ ಪ್ರಶ್ನೆ ನನಗೆ ಎಲ್ಲಿಂದ ಹೊಳೆಯಿತು? ನನ್ನ ಅಮ್ಮನಿಂದ ಎಂದು ಆಗ ನಂಬಿದ್ದೆ. ಅಪ್ಪ ಹೋದ ಮೇಲೂ ನಮ್ಮ ಸೋದರಮಾವ ಗೌರಿ ಹಬ್ಬದ ಹಿಂದಿನ ದಿನ ಬಂದು, ಅಮ್ಮನ ಕೈಗೆ ಒಂದು ಪೊಟ್ಟಣ ಕೊಟ್ಟು "ಅರಿಶಿನ ಕುಂಕುಮಕ್ಕೆ" ಎನ್ನುತ್ತಿದ್ದ ಚಿತ್ರ ನನ್ನ ಕಣ್ಣಲ್ಲಿತ್ತು. ಈ ಚಿತ್ರದ ವಿಷಯ ಮುಂದೆ ಬರುತ್ತದೆ.

ವಾದದ ದಿನ ತಮ್ಮನ ಲಾಯರು ಪಕ್ಕದ ಕೋರ್ಟಿನ ತೀರ್ಪಿನ ನಕಲನ್ನು ನನ್ನ ಮೇಜಿನ ಮೇಲಿಟ್ಟರು. ಒಳ್ಳೆಯ ಲಾಯರು ಅವರು. ಗಂಟಲು ಏರಿಸುತ್ತಿರಲಿಲ್ಲ.

"ಮೇಡಂ, ಅಪ್ಪ ಒಬ್ಬನೇ, ಪತ್ರ ಒಂದೇ ಥರದ್ದು, ಮಾತು ಒಂದೇ. ಪೂರ್ತಿ ಹಕ್ಕು ಕೊಟ್ಟಿದ್ರೆ ಬರೆಯೋ 'ಪುತ್ರಪೌತ್ರ ಪಾರಂಪರ್ಯವಾಗಿ' ಅನ್ನೋ ಮಾತು ಪತ್ರದಲ್ಲಿ ಎಲ್ಲೂ ಇಲ್ಲ. ತಮ್ಮಷ್ಟೇ ಅಧಿಕಾರ ಇರೋ ಕೋರ್ಟು ಇದನ್ನ ತೀರ್ಮಾನ ಮಾಡಿದೆ. ಅದರ ಮೇಲೆ ಅಪೀಲೂ ಆಗಿಲ್ಲ. ಈಗ ತಾವು ಬೇರೆ ಹೇಳಿದ್ರೆ ಜನ ಏನಂತಾರೆ? ನ್ಯಾಯ ಅನ್ನೋದು ಬಸ್ ಸ್ಟಾಪಿಗೊಂದು ಅಂತಾರೆ."

ನಾನು ಆ ನಕಲನ್ನು ಮನೆಗೆ ತೆಗೆದುಕೊಂಡು ಹೋಗಿ ಓದಿದೆ. ಕೆಟ್ಟ ತೀರ್ಪಲ್ಲ. ಶ್ರದ್ಧೆಯಿಂದ ಬರೆದದ್ದು. ಆದರೆ ಅದರಲ್ಲಿ ಗೌರಿ ಹಬ್ಬ ಇರಲಿಲ್ಲ. ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಬರೆದವರು ನನಗೆ ಗೊತ್ತಿದ್ದವರು. ಉತ್ತರ ಕರ್ನಾಟಕದಿಂದ ವರ್ಗವಾಗಿ ಬಂದಿದ್ದರು. ಹಾಸನದ ಸಭೆಗಳಲ್ಲಿ ಪಕ್ಕದಲ್ಲಿ ಕೂತು ತಮ್ಮ ಮನೆಯ ಶೇಂಗಾ ಚಟ್ನಿಪುಡಿಯನ್ನು ನನ್ನ ತಟ್ಟೆಗೆ ಹಾಕುತ್ತಿದ್ದವರು. ಚಟ್ನಿಪುಡಿ ಹಂಚಿಕೊಂಡಿದ್ದೆವು, ತೀರ್ಪು ಹಂಚಿಕೊಂಡಿರಲಿಲ್ಲ.

ಹಾಗೆ ಹಂಚಿಕೊಳ್ಳುವ ರೂಢಿಯೇ ನಮ್ಮಲ್ಲಿ ಇರಲಿಲ್ಲ. ಸಭೆಯಲ್ಲಿ ಎಷ್ಟು ಕೇಸು ವಿಲೇವಾರಿಯಾಯಿತು ಎಂದು ಕೇಳುತ್ತಿದ್ದರು, ಏನು ಬರೆದಿರಿ ಎಂದು ಯಾರೂ ಕೇಳುತ್ತಿರಲಿಲ್ಲ. ಫೋನಿನಲ್ಲಿ ನಮ್ಮದೊಂದು ಗುಂಪಿತ್ತು. ಅದರಲ್ಲಿ ಬೆಳಗಿನ ಹೂವು, ಹುಟ್ಟುಹಬ್ಬದ ಶುಭಾಶಯ, ವರ್ಗಾವಣೆಯ ಪಟ್ಟಿ. ನಡೆಯುತ್ತಿರುವ ಕೇಸಿನ ಮಾತು ಆಡಬಾರದು ಎಂಬುದು ಒಳ್ಳೆಯ ನಿಯಮ. ಅದು ಬೆಳೆದು ಬೆಳೆದು, ಮುಗಿದ ಕೇಸಿನ ಮಾತೂ ಆಡಬಾರದು ಎಂಬಲ್ಲಿಗೆ ಬಂದು ನಿಂತಿತ್ತು. ಇನ್ನೊಬ್ಬರನ್ನು ಕೇಳಿದರೆ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ. ಇನ್ನೊಬ್ಬರಿಗೆ ಹೇಳಿದರೆ ದೊಡ್ಡಸ್ತಿಕೆ ತೋರಿಸಿದ ಹಾಗೆ.

ಆದರೂ ಮುಂದಿನ ಸಭೆಯ ದಿನ, ಹಾಸನದಲ್ಲಿ, ಊಟದ ಹೊತ್ತಿಗೆ ನಾನು ಬಾಯಿ ಬಿಟ್ಟೆ. ಹೆರಳೆಕಾಯಿ ಚಿತ್ರಾನ್ನದ ದಿನ ಅದೇ.

"ಒಂದು ಕೇಳಲಾ? ಕೇಸಿನ ಮಾತಲ್ಲ, ಶಬ್ದದ ಮಾತು. ದಾನಪತ್ರದಲ್ಲಿ 'ಅರಿಶಿನ ಕುಂಕುಮದ ಬಾಬ್ತು' ಅಂತ ಇದ್ದರೆ ಹೇಗೆ ಓದಬೇಕು?"

ಪಕ್ಕದ ಕೋರ್ಟಿನವರು ತಟ್ಟೆಯಿಂದ ತಲೆಯೆತ್ತದೆ ಹೇಳಿದರು. "ಅದರಾಗ ಓದೂದು ಏನೈತ್ರಿ ಮೇಡಂ? ಅರಿಶಿಣ ಕುಂಕುಮ ಅಂದ್ರ ಮುತ್ತೈದಿತನ. ಅದು ಇರೂ ತನಕ ಭೂಮಿ. ನಾ ಹಂಗ ಬರದೀನಿ."

ಎದುರಿಗೆ ಒಬ್ಬ ಹಿರಿಯರು ಕೂತಿದ್ದರು. ಮೊದಲು ಇದೇ ಜಿಲ್ಲೆಯ ಇನ್ನೊಂದು ತಾಲ್ಲೂಕಿನಲ್ಲಿದ್ದು, ಬಡ್ತಿ ಪಡೆದು ಹಾಸನಕ್ಕೆ ಬಂದಿದ್ದವರು. ಅವರು ನಕ್ಕರು.

"ನಿಮ್ಮ ಕಡೆ ಇರಬಹುದು ಕಣ್ರೀ. ಇಲ್ಲಿ ಹಂಗಲ್ಲ. ಅರಿಶಿನ ಕುಂಕುಮಕ್ಕೆ ಕೊಟ್ಟರು ಅಂದ್ರೆ ತವರಿನ ಪಾಲು ಕೊಟ್ಟರು ಅಂತ. ಗಂಡ ಇದ್ರೂ ಅದು ಅವಳದೇ, ಹೋದ್ರೂ ಅವಳದೇ. ನಾನು ಆ ತಾಲ್ಲೂಕಲ್ಲಿ ಇದ್ದಾಗ್ಲೇ ಇದನ್ನ ಪುಟಗಟ್ಟಲೆ ಬರೆದಿದೀನಲ್ಲ."

"ಬರದೀರಿ? ಯಾವಾಗ್ರೀ?"

"ನೀವು ಈ ಜಿಲ್ಲೆಗೆ ಬರೋಕ್ಕೆ ಮುಂಚೆ."

"ಮತ್ತ ನನಗ ಹೇಳಬೇಕಿಲ್ಲೇನ್ರೀ ಸರ?"

"ನೀವು ಕೇಳ್ಬೇಕಿತ್ತಪ್ಪ."

"ಕೇಳಾಕ, ನೀವು ಬರದೀರಿ ಅಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ಬಡಿಸುವವನು ಬಂದು "ಮೊಸರನ್ನ ಹಾಕ್ಲಾ ಸಾ?" ಎಂದ. ಪಕ್ಕದ ಕೋರ್ಟಿನವರ ಕೈ ಅನ್ನದ ಮೇಲೆ ಹಾಗೇ ನಿಂತಿತ್ತು. ನಿಂತಿತ್ತು ಎಂದು ಬರೆಯುತ್ತಿದ್ದೇನೆ, ದಿನಚರಿಯಲ್ಲಿ ಇಲ್ಲ. ಆದರೆ ಅವರು ಆಮೇಲೆ ಏನೂ ತಿನ್ನಲಿಲ್ಲ ಎಂಬುದು ನಿಜವೇ ಇರಬೇಕು, ಯಾಕೆಂದರೆ ಆ ದಿನ ಚಟ್ನಿಪುಡಿಯ ಡಬ್ಬಿಯನ್ನು ಅವರು ಮೇಜಿನ ಮೇಲೇ ಮರೆತು ಹೋದರು. ಅದು ಈಗಲೂ ನಮ್ಮ ಅಡುಗೆಮನೆಯಲ್ಲಿದೆ.

ಕಾರಿನ ಹತ್ತಿರ ಬಂದು ಅವರು ತಗ್ಗಿದ ದನಿಯಲ್ಲಿ ಕೇಳಿದರು. "ಆ ಹೆಣ್ಣಮಗಳು ಅಪೀಲ್ ಹಾಕ್ಯಾಳೇನ್ರಿ?"

"ಇಲ್ಲ ಅಂತ ಲಾಯರು ಹೇಳಿದರು."

"ಗೌರಿ ಹಬ್ಬ, ತವರು, ಇದೆಲ್ಲಾ ನನ್ನ ಮುಂದ ಯಾರೂ ಹೇಳ್ಳಿಲ್ರೀ. ನಾನೂ ಕೇಳ್ಳಿಲ್ಲ. ನಮ್ಮ ಮನ್ಯಾಗ ಆ ಮಾತಿಗೆ ಬ್ಯಾರೆ ಅರ್ಥನ ಇಲ್ಲ. ಇನ್ನ ಏನ್ ಮಾಡೂದ್ರಿ? ಸಹಿ ಮಾಡಿದ ಮ್ಯಾಲ ಆ ಕೇಸಿಗೆ ನಾವು ಸತ್ತಂಗ."

ಅದು ನಿಜ. ತೀರ್ಪಿಗೆ ಸಹಿ ಹಾಕಿದ ನ್ಯಾಯಾಧೀಶ ಅದರ ಅರ್ಥವನ್ನು ಮತ್ತೆ ಮುಟ್ಟುವಂತಿಲ್ಲ. ಇನ್ನೇನಿದ್ದರೂ ಸೋತವರೇ ಮೇಲಕ್ಕೆ ಹೋಗಬೇಕು. ಅವರಿಗೆ "ಹೋಗಿ" ಎಂದು ನಾವು ಹೇಳುವಂತಿಲ್ಲ.

ನನಗೆ ಈಗ ಹಿರಿಯರ ತೀರ್ಪು ಬೇಕಿತ್ತು. ಪಕ್ಕದ ಕೋರ್ಟಿನ ನಕಲಿನ ಎದುರಿಗೆ ಇಡಲು, ಇದೇ ಜಿಲ್ಲೆಯ ಇನ್ನೊಂದು ಕೋರ್ಟು ಅದಕ್ಕೂ ಮೊದಲೇ ಹೀಗೆ ಹೇಳಿದೆ ಎಂದು ತೋರಿಸಲು. ಫೋನ್ ಮಾಡಿದೆ. ಅವರು ಪ್ರೀತಿಯಿಂದಲೇ ಮಾತಾಡಿದರು.

"ನಂಬರು ನೆನಪಿಲ್ಲ ಕಣಮ್ಮ. ಹೆಸರೂ ಇಲ್ಲ. ಆ ಹೆಂಗಸಿನ ಮುಖ ನೆನಪಿದೆ. ಎಲೆಅಡಿಕೆ ಹಾಕ್ಕೊಂಡು ಕಟಕಟೆಗೆ ಬಂದಿದ್ಲು. 'ಉಗುಳಿ ಬಾ ತಾಯಿ' ಅಂತ ಆಚೆ ಕಳಿಸಿದ್ದೆ. ಉಗುಳೋಕೆ ಹೋದೋಳು ಟೀ ಕುಡ್ಕೊಂಡು ಬಂದ್ಲು."

ಅವರ ಹಳೆಯ ಕೋರ್ಟಿನಲ್ಲಿ ಈಗ ಇರುವವರನ್ನು ಕೇಳಿದೆ. "ಕೇಸ್ ನಂಬರ್ ಕೊಡಿ ಮೇಡಂ, ಐದು ನಿಮಿಷದಲ್ಲಿ ಕಳಿಸ್ತೀನಿ" ಎಂದರು. ಕೋರ್ಟಿನ ಜಾಲತಾಣದಲ್ಲಿ ತೀರ್ಪುಗಳೆಲ್ಲ ಇವೆ. ಹುಡುಕಲು ನಂಬರು ಬೇಕು, ಇಲ್ಲವೇ ಪಕ್ಷಗಾರರ ಹೆಸರು ಬೇಕು. ಸಾಮಾನ್ಯವಾಗಿ ಈ ಕಡೆ ಇಡುವ ಹೆಸರುಗಳನ್ನು ಒಂದಾದ ಮೇಲೆ ಒಂದು ಹಾಕಿ ನೋಡಿದೆ. ಗಂಡಸರ ಹೆಸರಿಗೆ 'ಗೌಡ' ಸೇರಿಸಿದೆ, ಹೆಂಗಸರದಕ್ಕೆ 'ಅಮ್ಮ' ಸೇರಿಸಿದೆ. ಬೇಲಿ ಜಗಳ, ಜೀವನಾಂಶ, ಚೆಕ್ ಬೌನ್ಸ್ ಬಂದವು. 'ಅರಿಶಿನ ಕುಂಕುಮ' ಎಂದು ಟೈಪು ಮಾಡಲು ಅಲ್ಲಿ ಜಾಗವೇ ಇರಲಿಲ್ಲ. ಹೆಸರು ಗೊತ್ತಿದ್ದರೆ ತೀರ್ಪು ಸಿಗುತ್ತದೆ. ಅರ್ಥ ಗೊತ್ತಿದ್ದರೆ ಸಿಗುವುದಿಲ್ಲ. ಕೆಲವು ದಿನ ಊಟದ ವಿರಾಮದಲ್ಲಿ ಬಾಗಿಲು ಹಾಕಿಕೊಂಡು ಇದೇ ಮಾಡಿದೆ. ಕೊನೆಗೆ ಕಂಪ್ಯೂಟರಿನ ಮುಂದೆ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಒಂದು ಬಸ್ಸಿನ ದೂರದಲ್ಲಿ, ಯಾವುದೋ ಬೀರುವಿನಲ್ಲಿ ಉತ್ತರ ಇತ್ತು. ಅದನ್ನು ಬರೆದವರೇ ನನ್ನ ಜೊತೆ ಊಟ ಮಾಡಿದ್ದರು.

ಒಂದು ವಿಷಯವನ್ನು ಹೇಳದಿದ್ದರೆ ಈ ಬರಹ ಏಕಪಕ್ಷೀಯವಾಗುತ್ತದೆ. ತಮ್ಮನ ಲಾಯರ ಮಾತನ್ನು ನಾನು ಗಾಳಿಗೆ ತೂರಲಾರದೆ ಹೋದೆ. ತೀರ್ಪುಗಳು ಒಂದರೊಡನೊಂದು ಹೊಂದಿರಬೇಕು ಎಂದು ನನಗೂ ಅನ್ನಿಸುತ್ತಿತ್ತು. ಸಂತೆಯಿಂದ ಸಂತೆಗೆ ಸೇರು ಬದಲಾಗಬಾರದು. ನಾನು ಪಕ್ಕದ ಕೋರ್ಟಿನ ಹಾಗೆ ಬರೆದರೆ ಇಬ್ಬರು ವಿಧವೆಯರು ಬೀದಿಗೆ ಬರುತ್ತಾರೆ. ಬೇರೆ ಬರೆದರೆ ಒಂದೇ ಅಪ್ಪನ ಒಂದೇ ಮಾತಿಗೆ ಎರಡು ಊರಿನಲ್ಲಿ ಎರಡು ಅರ್ಥವಾಗುತ್ತದೆ. ಗೆದ್ದ ತಂಗಿ ಮತ್ತು ಸೋತ ಅಕ್ಕ ಒಂದೇ ಒಲೆಯ ಮುಂದೆ ಕೂರುತ್ತಾರೆ. ಯಾವುದನ್ನು ಬರೆದರೂ ನನ್ನ ಪೆನ್ನಿಗೆ ಒಬ್ಬಳ ಮುಖ ಅಡ್ಡ ಬರುತ್ತಿತ್ತು.

ತಂಗಿಯ ಪರವಾಗಿ ಬರೆದೆ. ಕನ್ನಡದಲ್ಲೇ ಬರೆದೆ. ಅಕ್ಕನ ಕೇಸಿನಲ್ಲಿ ಬಂದಿರದ ಸಾಕ್ಷ್ಯ ಇಲ್ಲಿ ಬಂದಿದೆ, ಆದ್ದರಿಂದ ಆ ತೀರ್ಪನ್ನು ಅನುಸರಿಸುತ್ತಿಲ್ಲ ಎಂದು ವಿವರಿಸಿದೆ. ತಮ್ಮನ ಬಾಯಿಂದ ಬಂದ ಮಾತನ್ನು ಅವನ ಉಚ್ಚಾರದಲ್ಲೇ ಎತ್ತಿ ಬರೆದೆ. ಅದರ ಜೊತೆಗೆ ಇನ್ನೊಂದು ವಾಕ್ಯವನ್ನೂ ಸೇರಿಸಿದೆ: "ಈ ಪ್ರದೇಶದಲ್ಲಿ ಇದು ಎಲ್ಲ ಮನೆಗಳಲ್ಲೂ ತಿಳಿದಿರುವ ವಾಡಿಕೆ."

ತೀರ್ಪಿನ ದಿನ ಇಬ್ಬರೂ ಬಂದಿದ್ದರು. ತಂಗಿ ಮುಂದೆ ನಿಂತಿದ್ದಳು, ಅಕ್ಕ ಬಾಗಿಲ ಹತ್ತಿರ ಗೋಡೆಗೆ ಒರಗಿದ್ದಳು. ನಾನು ಕೊನೆಯ ಸಾಲನ್ನು ಓದಿದೆ. "ವಾದಿಯ ದಾವಾ ಖರ್ಚಿನೊಂದಿಗೆ ವಜಾ."

ತಂಗಿ ಅಲ್ಲೇ ಕುಸಿದು ಕೂತಳು. "ಓಯ್ತಾ? ನಂದೂ ಓಯ್ತಾ? ವಜಾ ಮಾಡ್ಬುಟ್ರಾ?"

ಅವಳ ಲಾಯರು ಬಗ್ಗಿ ತೋಳು ಹಿಡಿದೆತ್ತಿದರು. "ಅಯ್ಯೋ ಎದ್ದೇಳವ್ವ! ವಜಾ ಆಗಿದ್ದು ನಿನ್ ತಮ್ಮಂದು. ನೀನ್ ಗೆದ್ದೆ ಕಣವ್ವ!"

"ದಿಟವಾ?"

"ದಿಟ. ಇನ್ನೇನ್ ನಾನ್ ಬಾಂಡ್ ಪೇಪರಲ್ಲಿ ಬರ್ಕೊಡ್ಲಾ?"

ಜನ ನಗುತ್ತಿದ್ದರು. ನಾನೂ ನಕ್ಕಿರಬೇಕು. ಆಗ ಬಾಗಿಲ ಹತ್ತಿರದಿಂದ ಅಕ್ಕನ ದನಿ ಬಂತು. ಜೋರಾಗಿ ಅಲ್ಲ. ಅಂಗಡಿಯಲ್ಲಿ ಇನ್ನೊಬ್ಬರಿಗೆ ಕೊಟ್ಟ ಸಾಮಾನನ್ನು ನೋಡಿ ತನಗೂ ಕೇಳುವವರ ಹಾಗೆ.

"ಅಂಗಾರೆ ನಂದು, ತಾಯಿ?"

ಅವಳು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ನಂದೂ ಅದೇ ಅಪ್ಪ ಬರ್ಸಿದ್ ಪತ್ರ ಅಲ್ವಾ? ಅಂಗಾರೆ ನಂದು?"

ನನಗೆ ಉತ್ತರ ಗೊತ್ತಿತ್ತು. ತಡವಾದರೂ ಕಾರಣ ಹೇಳಿ ಅಪೀಲು ಹಾಕಬಹುದು, ಈ ತೀರ್ಪಿನ ನಕಲನ್ನು ಜೊತೆಗಿಡಬಹುದು. ಆ ಪೀಠದಲ್ಲಿ ಕೂತು ಅದನ್ನು ಹೇಳಿದರೆ ನಾನು ಒಬ್ಬರ ವಕೀಲೆಯಾಗುತ್ತೇನೆ. ಅವಳ ಕೇಸು ನನ್ನ ಮುಂದೆ ಇರಲೂ ಇಲ್ಲ. ತಂಗಿಯ ಲಾಯರು ಹೇಳಿಯಾರು ಎಂದುಕೊಂಡೆ. ನಾನು ಫೈಲಿನತ್ತ ತಲೆ ಬಗ್ಗಿಸಿದೆ. ಬೆಂಚ್ ಕ್ಲರ್ಕ್ ಮುಂದಿನ ಕೇಸು ಕೂಗಿದರು.

ಅವಳು ಅಪೀಲು ಹಾಕಲಿಲ್ಲ. ಹಳೆಯ ಲಾಯರು "ಕಾಲ ಮೀರೋಗದೆ" ಎಂದರಂತೆ. ನನ್ನ ತೀರ್ಪಿನ ಮೇಲೆ ತಮ್ಮ ಹಾಕಿದ. ನನಗೆ ಬೇರೆ ಊರಿಗೆ ವರ್ಗವಾಯಿತು, ಮತ್ತೆ ಸ್ವಲ್ಪ ಕಾಲಕ್ಕೆ ಇದೇ ಜಿಲ್ಲೆಗೆ ಬಂದೆ.

ಹಾಸನದ ಮೇಲಿನ ಕೋರ್ಟಿನ ತೀರ್ಪು ಬಂದಾಗ ಓದಿದೆ. ನನ್ನದು ರದ್ದಾಗಿತ್ತು. ತೀರ್ಪು ರದ್ದಾಗುವುದು ಯಾವ ನ್ಯಾಯಾಧೀಶನಿಗೂ ಹೊಸತಲ್ಲ. ಆದರೆ ಕಾರಣಗಳನ್ನು ಎರಡೆರಡು ಸಲ ಓದಿದೆ. ಅಕ್ಕನ ಕೇಸಿನ ತೀರ್ಪು ಅಂತಿಮವಾಗಿದೆ. ಅದಕ್ಕೆ ವಿರುದ್ಧವಾದ ಬೇರೆ ಯಾವ ತೀರ್ಪನ್ನೂ ತೋರಿಸಿಲ್ಲ. ಒಂದೇ ಕುಟುಂಬದ ಒಂದೇ ಬಗೆಯ ಪತ್ರಗಳಿಗೆ ಬೇರೆ ಬೇರೆ ಅರ್ಥ ಮಾಡಿದರೆ ನ್ಯಾಯಾಲಯದ ಮೇಲೆ ಜನರ ನಂಬಿಕೆ ಉಳಿಯುವುದಿಲ್ಲ. ಈ ಕೊನೆಯ ವಾಕ್ಯವನ್ನು ಬೇರೆ ಯಾವುದೋ ಕೇಸಿನಲ್ಲಿ ನಾನೇ ಬರೆದಿರಬಹುದು. ಅಷ್ಟು ಸರಿಯಾದ ವಾಕ್ಯ.

ನನ್ನ ಬಗ್ಗೆಯೂ ಒಂದು ಸಾಲಿತ್ತು. ವಿಚಾರಣಾ ನ್ಯಾಯಾಧೀಶರು ವಾದಿಯ ಹಬ್ಬದ ಮಾತಿಗೆ ಸಲ್ಲದ ತೂಕ ಕೊಟ್ಟಿದ್ದಾರೆ, 'ಎಲ್ಲ ಮನೆಗಳಲ್ಲೂ' ಎಂಬುದಕ್ಕೆ ಆಧಾರವಿಲ್ಲ, ತಮ್ಮ ಸ್ವಂತ ತಿಳಿವಳಿಕೆಯನ್ನೇ ಸಾಕ್ಷ್ಯ ಮಾಡಿಕೊಂಡಂತೆ ಕಾಣುತ್ತದೆ.

ಆ ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಮಾವ ಗೌರಿ ಹಬ್ಬಕ್ಕೆ ಬಂದು ಅರಿಶಿನ ಕುಂಕುಮಕ್ಕೆ ಎಂದು ಕೊಡುತ್ತಿದ್ದನಲ್ಲ ಎಂದೆ.

"ನಿಮ್ಮ ಮಾವನಾ? ಅವನು ಸೀರೆ ತರ್ತಿದ್ದ. ಬಾಯಿ ಬಿಟ್ಟು ಒಂದು ಮಾತೂ ಆಡ್ತಿರಲಿಲ್ಲ ಮಹಾರಾಯ. ಅರಿಶಿನ ಕುಂಕುಮ ಅಂದದ್ದನ್ನ ನೀನು ಯಾವಾಗ ಕೇಳಿದೆ?"

"ಪೊಟ್ಟಣ ಕೊಡ್ತಿರಲಿಲ್ವಾ?"

"ಪೊಟ್ಟಣದಲ್ಲಿ ಖಾರಸೇವೆ ಇರ್ತಿತ್ತು. ನಿನಗೆ."

ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಕಂಡ ಚಿತ್ರ ಸುಳ್ಳಾಗಿದ್ದರೂ ತಮ್ಮನ ಸಾಕ್ಷ್ಯ ಸುಳ್ಳಲ್ಲ. ಅದು ಹಾಳೆಯ ಮೇಲಿದೆ. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅಮ್ಮನಿಗೆ ಎಪ್ಪತ್ತು ದಾಟಿದೆ, ಅವಳು ಮರೆತಿರಬಹುದು. ನಾನು ಆಗ ಚಿಕ್ಕವಳು, ನಾನು ಕಟ್ಟಿಕೊಂಡಿರಬಹುದು. ಇದನ್ನು ತೀರ್ಮಾನಿಸುವ ಕೋರ್ಟಿಲ್ಲ.

ಮೇಲಿನ ಕೋರ್ಟಿನ ತೀರ್ಪು ಬಂದ ವಾರವೇ ಸಭೆಗೆಂದು ಹಾಸನಕ್ಕೆ ಹೋದೆ. ಕೋರ್ಟಿನ ಆವರಣದ ಟೀ ಅಂಗಡಿಯ ಹತ್ತಿರ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ನಕಲು ತೆಗೆದುಕೊಳ್ಳಲು ಬಂದಿದ್ದರಂತೆ. ಮಧ್ಯೆ ಒಂದು ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಎರಡು ಎಳನೀರು. ಯಾರಿಗೆ ತಂದಿದ್ದರೋ, ಲಾಯರಿಗಿರಬೇಕು. ನನ್ನನ್ನು ಕಂಡು ಎದ್ದು ನಿಂತರು. ನಾನು ನಿಲ್ಲಬಾರದಿತ್ತು, ನಿಂತೆ.

ತಂಗಿ ಹೇಳಿದಳು. "ಅಕ್ಕಂದೂ ನಂದೂ ಈಗ ಒಂದೇ ಆಯ್ತು ತಾಯಿ."

ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅದೇ ಸರಿ ಬುಡು. ಇವ್ಳ್ ಗೆದ್ದಾಗಿಂದ ನಂಗೆ ಇವ್ಳ ಮನೇಲಿ ಅನ್ನ ಗಂಟ್ಲಲ್ಲಿ ಇಳೀತಿರ್ಲಿಲ್ಲ. ಈಗ್ ಇಬ್ರೂ ಸಮ."

"ಸಮ ಅಂತೆ, ಸಮ! ಇನ್ ಅನ್ನ ಎಲ್ಲೈತೆ ಇಳ್ಸಕ್ಕೆ?" ಎಂದು ತಂಗಿ ಅವಳ ಭುಜಕ್ಕೆ ಗುದ್ದಿದಳು. ಇಬ್ಬರೂ ನಕ್ಕರು, ಆಮೇಲೆ ತಂಗಿ ಅಳುತ್ತಿದ್ದಳು.

ಇಲ್ಲಿಂದ ಮುಂದಿನದು ನನ್ನನ್ನು ತಿನ್ನುತ್ತಿದೆ. "ಬೆಂಗಳೂರಿಗೆ ಹೋಗಿ, ಹೈಕೋರ್ಟು ಇದೆ, ಇಬ್ಬರೂ ಹೋಗಿ, ತಡಮಾಡಬೇಡಿ" ಎಂದು ನಾನು ಹೇಳಿದ ನೆನಪಿದೆ. ಸ್ಪಷ್ಟವಾಗಿ ಇದೆ. ನನ್ನ ದನಿ ಕೇಳಿಸುತ್ತದೆ. ಅಕ್ಕ ತಲೆಯಾಡಿಸಿದ್ದು ಕಾಣಿಸುತ್ತದೆ. ಆದರೆ ಮಾವನ ಪೊಟ್ಟಣವೂ ಹೀಗೇ ಸ್ಪಷ್ಟವಾಗಿ ಕಾಣಿಸುತ್ತಿತ್ತು. ದಿನಚರಿಯಲ್ಲಿ "ಕಲ್ಲುಬೆಂಚು. ಇಬ್ಬರೂ" ಎಂದಿದೆ, ಅಷ್ಟೇ. ನಾನು ಎಂಥವಳು ಎಂದು ನನಗೆ ಗೊತ್ತು. ಆ ಜಾಗದಲ್ಲಿ, ಅಷ್ಟು ಲಾಯರುಗಳ ಕಣ್ಣೆದುರಿಗೆ, ನಿಯಮ ಮೀರಿ ನಾನು ಹಾಗೆ ಹೇಳಿರುತ್ತೇನೆಯೇ? ಮನಸ್ಸಿನಲ್ಲಿ ಹೇಳಿಕೊಂಡು ಮುಂದೆ ನಡೆದಿರುತ್ತೇನೆಯೇ?

ಆ ದಿನದ ಸಭೆಯಲ್ಲಿ ಒಂದು ಒಳ್ಳೆಯ ತೀರ್ಮಾನವಾಯಿತು. ಜಿಲ್ಲೆಯ ನ್ಯಾಯಾಧೀಶರು ಮುಖ್ಯ ತೀರ್ಪುಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳಬೇಕು, ಅದಕ್ಕೆಂದು ಫೋನಿನಲ್ಲಿ ಬೇರೆ ಗುಂಪು ಮಾಡಬೇಕು. ನಾನೇ ಹಿಂದೊಮ್ಮೆ ಹಾಗೆ ಕೇಳಿ ಪತ್ರ ಬರೆದಿದ್ದೆ. ಗುಂಪಿಗೆ ಬಂದ ಮೊದಲ ತೀರ್ಪು ಅದೇ, ಮೇಲಿನ ಕೋರ್ಟಿನದು. "ಅರಿಶಿನ ಕುಂಕುಮದ ಜಮೀನು: ವಿಧವೆಗೆ ಮುಂದುವರಿಯುವ ಹಕ್ಕಿಲ್ಲ. ಎಲ್ಲರೂ ಗಮನಿಸಿ" ಎಂದು ತಲೆಬರಹ. ಹೊಸದಾಗಿ ಸೇವೆಗೆ ಬಂದವರು ಕೈಮುಗಿಯುವ ಚಿತ್ರ ಹಾಕಿ ಧನ್ಯವಾದ ಹೇಳಿದರು. ಹಿರಿಯರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಚಟ್ನಿಪುಡಿಯವರು ಬೇರೆ ಜಿಲ್ಲೆಗೆ ಹೋಗಿದ್ದರು. ನಾನು ಗೌರಿ ಹಬ್ಬದ ಸಾಕ್ಷ್ಯದ ಬಗ್ಗೆ ಬರೆಯಲು ಶುರುಮಾಡಿ, ಅಳಿಸಿ, ಮತ್ತೆ ಬರೆದೆ. ನನ್ನ ತೀರ್ಪನ್ನು ರದ್ದುಮಾಡಿದ ಕೋರ್ಟಿನ ಮೇಲೆ ನಾನೇ ವಾದ ಹೂಡಿದ ಹಾಗಾಗುತ್ತದೆ. ಕಳಿಸಲಿಲ್ಲ.

ಈಗ ದಿನಾ ಬೆಳಿಗ್ಗೆ ಕೋರ್ಟಿಗೆ ಹೊರಡುವ ಮುಂಚೆ ಹೈಕೋರ್ಟಿನ ಜಾಲತಾಣ ತೆರೆಯುತ್ತೇನೆ. ಈ ಸಲ ನನಗೆ ಹೆಸರುಗಳು ಗೊತ್ತಿವೆ. ತಂಗಿಯದನ್ನು ಹಾಕುತ್ತೇನೆ, ಆಮೇಲೆ ಅಕ್ಕನದನ್ನು. ಕಾಗುಣಿತ ಬದಲಿಸಿ ಮತ್ತೆ ಹಾಕುತ್ತೇನೆ, ಇಂಗ್ಲಿಷಿನಲ್ಲಿ ಎಚ್ ಅಕ್ಷರ ಸೇರಿಸಿ, ತೆಗೆದು. ಅಪೀಲಿನ ಕಾಲಮಿತಿ ಮುಗಿಯುತ್ತಾ ಬಂದಿದೆ. ಹೆಸರು ಕಂಡರೆ ನಾನು ಅಂದು ಬಾಯಿ ಬಿಟ್ಟು ಹೇಳಿದ್ದೆ ಎಂದಾಗುತ್ತದೆ, ನಿಯಮ ಮೀರಿದ್ದೆ ಎಂದಾಗುತ್ತದೆ. ಆಗಲಿ, ಹಾಗೇ ಆಗಲಿ.

ಇವತ್ತೂ ನೋಡಿದೆ. "ಯಾವುದೇ ದಾಖಲೆ ಕಂಡುಬಂದಿಲ್ಲ."